ಆ ಕಡೆಯವರ ಸಹಿ

ಶವದ ಮುಖವನ್ನು ಎರಡು ಸಲ ನೋಡಿ, ಕೈಯಲ್ಲಿದ್ದ ಹಳದಿ ನಮೂನೆಯ ಮೇಲೆ ಒಂದು ಸರಿಗುರುತು ಹಾಕಿ, ಎಂಜಿನಿಯರು ಪೆನ್ನಿನ ಮುಚ್ಚಳ ಮುಚ್ಚಿದರು. ಆಮೇಲೆ ಎಲ್ಲಿದ್ದೇನೆಂಬುದು ನೆನಪಾಗಿ ತಲೆ ತಗ್ಗಿಸಿ ನಿಂತರು.

"ಏನದು?" ಎಂದಳು ಸತ್ತವನ ಹೆಂಡತಿ. ಮಂಚದ ಕಾಲಬುಡದಲ್ಲಿ ಗೋಡೆಗೊರಗಿ ಕೂತಿದ್ದಳು.

"ಒಂದು ನಮೂನೆ ಅಮ್ಮ. ಬೀಗದ್ದು."

"ಕೀಲಿ ಬೆಳಗ್ಗೇನೇ ಕೊಟ್ಟೆನಲ್ಲ?"

"ಕೊಟ್ರಿ. ಜೇಬಲ್ಲೇ ಇದೆ." ಎಂಜಿನಿಯರು ಜೇಬು ಮುಟ್ಟಿ ತೋರಿಸಿದರು. "ಆದ್ರೆ ನಾನು ತೆಗೆಯೋ ಹಾಗಿಲ್ಲ."

ವಿಷಯ ಇಷ್ಟು. ಈ ಊರಿನ ವಿದ್ಯುತ್ ಜಾಲಕ್ಕೂ ಬೆಟ್ಟದಾಚೆಯ ಜಾಲಕ್ಕೂ ನಡುವೆ ಇರುವುದು ಒಂದೇ ಒಂದು ದೊಡ್ಡ ಲೈನು. ಅಲ್ಲಿ ಹೆಚ್ಚಾದಾಗ ಇಲ್ಲಿಗೆ, ಇಲ್ಲಿ ಹೆಚ್ಚಾದಾಗ ಅಲ್ಲಿಗೆ, ಅಕ್ಕಪಕ್ಕದ ಮನೆಯವರು ಕಾಂಪೌಂಡಿನ ಮೇಲಿಂದ ಸಕ್ಕರೆ ದಾಟಿಸಿದ ಹಾಗೆ. ಶನಿವಾರ ಬೆಳಗ್ಗೆ ರಿಪೇರಿಗೆಂದು ಆ ಲೈನನ್ನು ಬಿಡಿಸಿದರು. ಗೋಪುರದ ಮೇಲೆ ಜನ ಇರುವಾಗ ಯಾರಾದರೂ ಮರೆತು ವಿದ್ಯುತ್ ಹರಿಸಿಬಿಟ್ಟಾರೆಂದು ಸ್ವಿಚ್ಚಿನ ಹಿಡಿಕೆಗೆ ಬೀಗ ಜಡಿಯುವುದು ಆ ಕಸುಬಿನ ಪದ್ಧತಿ. ಬೀಗಕ್ಕೆ, ಹಾಕಿದವನ ಹೆಸರು ಬರೆದ ಕೆಂಪು ಚೀಟಿ. ಹಾಕಿದವನೇ ತೆಗೆಯಬೇಕು. ಅವನ ಮೇಲಧಿಕಾರಿ ತೆಗೆಯುವಂತಿಲ್ಲ. ಮೇಲಧಿಕಾರಿಯ ಮೇಲಧಿಕಾರಿ ಆ ಹತ್ತಿರ ಸುಳಿಯುವಂತೆಯೇ ಇಲ್ಲ. ಶನಿವಾರ ಬೀಗ ಹಾಕಿದವನು ಭಾನುವಾರ ಬೆಳಗ್ಗೆ ಕೆಲಸಕ್ಕೆ ಹೊರಟು, ಎಡಗಾಲಿನ ಶೂ ಲೇಸು ಕಟ್ಟಿ, ಬಲಗಾಲಿನದಕ್ಕೆ ಬಗ್ಗಿದವನು ಮತ್ತೆ ಏಳಲಿಲ್ಲ. ಮೂವತ್ತೊಂದು ವರ್ಷದ ನೌಕರಿಯಲ್ಲಿ ಅವನು ಅರ್ಧಕ್ಕೆ ಬಿಟ್ಟ ಕೆಲಸ ಎರಡೇ: ಒಂದು ಲೇಸು, ಒಂದು ಬೀಗ.

ಹೀಗಾದರೆ ಏನು ಮಾಡಬೇಕೆಂಬುದು ನಿಯಮದ ಪುಸ್ತಕದ ಕೊನೆಯ ಪುಟದಲ್ಲಿತ್ತು. ಯಾರೂ ಅಲ್ಲಿಯವರೆಗೆ ಓದಿರಲಿಲ್ಲ. ಬೀಗ ಹಾಕಿದವನನ್ನು ಬಹುಕಾಲದಿಂದ ಬಲ್ಲವರು ಲೈನಿನ ಎರಡೂ ತುದಿಯಿಂದ ಒಬ್ಬೊಬ್ಬರು ಬಂದು, ಅವನು ಲೈನಿನ ಮೇಲಿಲ್ಲ, ಬೇರೆ ಕಡೆ ಇದ್ದಾನೆ ಎಂಬುದನ್ನು ಕಣ್ಣಾರೆ ಕಂಡು, ಗುರುತಿಸಿ, ಸಹಿ ಹಾಕಬೇಕು.

"ನಂದಾಯ್ತು," ಎಂದರು ಎಂಜಿನಿಯರು. "ಆ ಕಡೆಯವರು ಹೊರಟಿದಾರೆ, ಬೆಟ್ಟ ಇಳೀತಾ ಇದಾರಂತೆ. ಅಲ್ಲೀವರೆಗೆ ದಯವಿಟ್ಟು ಇವರನ್ನ ತಗೊಂಡು ಹೋಗ್ಬೇಡಿ."

ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದ ಸತ್ತವನ ಅಣ್ಣ ಸೆಟೆದು ಕೂತ. ನಲವತ್ತು ವರ್ಷ ದರ್ಜಿಯಾಗಿದ್ದವನು. ಯಾರನ್ನು ನೋಡಿದರೂ ಮೊದಲು ಹೆಗಲಿನ ಅಳತೆ ನೋಡುವವನು.

"ಸ್ವಾಮಿ, ಸತ್ತಿರೋನು ನನ್ನ ತಮ್ಮ. ಹುಟ್ಟಿದ ದಿನದಿಂದ ನೋಡಿದೀನಿ. ಇವನು ಇವನೇ, ಸತ್ತಿರೋದು ನಿಜ ಅಂತ ನಾನು ಹೇಳ್ತೀನಿ. ಸಾಲದಾ?"

"ನೀವು ಲೈನಿನ ತುದಿಯವರಲ್ಲ ಯಜಮಾನ್ರೇ."

"ಇವನ ತುದಿಯವನು!"

"ಎರಡು ದಿನದಿಂದ ನಮ್ಮ ಜಾಲ ಒಂಟಿಕಾಲಲ್ಲಿ ನಿಂತಿದೆ. ಇವತ್ತು ಸೋಮವಾರ, ಕಾರ್ಖಾನೆಗಳೂ ಶುರುವಾಗಿವೆ. ಆರೂವರೆಗೆ ಮನೆಮನೆಯಲ್ಲೂ ದೀಪ ಹಾಕ್ತಾರೆ. ಅಷ್ಟರಲ್ಲಿ ಲೈನು ಸೇರದಿದ್ರೆ ಅರ್ಧ ಊರನ್ನ ಕತ್ತಲಲ್ಲಿ ಇಡಬೇಕು. ಆಸ್ಪತ್ರೆ ಇರೋದು ಆ ಅರ್ಧದಲ್ಲೇ." ಎಂಜಿನಿಯರು ಗಡಿಯಾರ ನೋಡಿದರು. ಎರಡೂ ಕಾಲು.

ಬಾಗಿಲಲ್ಲಿ ಶವವಾಹನದ ಚಾಲಕ ತಲೆ ತೂರಿಸಿದ. "ಅಣ್ಣಾವ್ರೇ, ನಾಲ್ಕಕ್ಕೆ ನನಗೆ ಇನ್ನೊಂದು ಬಾಡಿ ಇದೆ."

"ಅವರಿಗೇನು ಗಡಿಬಿಡಿ? ಕಾಯ್ತಾರೆ ಬಿಡು," ಎಂದ ಅಣ್ಣ. ನಂತರ ತಮ್ಮನ ಮಗಳ ಕಡೆ ತಿರುಗಿ ದನಿ ತಗ್ಗಿಸಿದ: "ಮಗೂ, ನಿಜ ಹೇಳು. ನಿಮ್ಮಪ್ಪ ಅಲ್ಲಿ ಮಾಡ್ತಿದ್ದದ್ದಾದರೂ ಏನು? ಕೇಳಿದಾಗಲೆಲ್ಲ 'ಕೂತಿರ್ತೀನಿ' ಅಂತಿದ್ದ."

"ಈ ಕಡೆ ಕರೆಂಟು, ಆ ಕಡೆ ಕರೆಂಟು. ಎರಡನ್ನೂ ಸೇರಿಸೋದು ದೊಡ್ಡಪ್ಪ."

"ಮದುವೆ ದಲ್ಲಾಳಿ ಅನ್ನು."

"ಬೇಕಾದಾಗ ಬಿಡಿಸೋದೂ ಅಪ್ಪನೇ."

"ಹಾಗಾದ್ರೆ ವಕೀಲ." ಅಣ್ಣ ತಮ್ಮನ ಮುಖ ನೋಡಿದ. ಅಳು ಬಂತು. ಕಿಟಕಿಯ ಹೊರಗೆ ನೋಡಿದ.

*

ವಿದ್ಯುತ್ ನಿಲ್ದಾಣದಲ್ಲಿ ಸತ್ತವನಿಗೆ 'ಕಣ್ಣಾರೆ' ಎಂದು ಅಡ್ಡಹೆಸರು. ಅದು ಬಂದದ್ದು ಇಪ್ಪತ್ತೆರಡು ವರ್ಷದ ಹಿಂದೆ.

ಆಗ ಆ ಕಡೆಯ ನಿಲ್ದಾಣಕ್ಕೆ ಒಬ್ಬ ಹೊಸ ಆಪರೇಟರ್ ಬಂದಿದ್ದ. ಅದೇ ಲೈನು, ಇದೇ ಬಗೆಯ ರಿಪೇರಿ. ಮಧ್ಯಾಹ್ನ ಒಂದು ಗಂಟೆಗೆ ಅವನು ಫೋನಿನಲ್ಲಿ ಹುರುಪಿನಿಂದ ಹೇಳಿದ: "ನಮ್ಮವರೆಲ್ಲ ಇಳಿದಿದಾರೆ. ನಿಮ್ಮ ಬೀಗ ತೆಗೀಬಹುದು."

ಆ ಫೋನಿನಲ್ಲಿ ಕೇಳಿದ್ದನ್ನು ಪಾಠ ಒಪ್ಪಿಸಿದಂತೆ ಒಪ್ಪಿಸಬೇಕು, ಹೇಳಿದವನು 'ಸರಿ' ಅನ್ನಬೇಕು, ಆಮೇಲೆಯೇ ಕೆಲಸ.

"ನಿಮ್ಮವರೆಲ್ಲ ಇಳಿದಿದಾರೆ," ಎಂದು ಈ ಕಡೆಯಿಂದ ಒಪ್ಪಿಸಿದವನು ಸೇರಿಸಿದ: "ಎಷ್ಟು ಜನ?"

"ಏಳು."

"ಏಳು. ಕಣ್ಣಾರೆ ನೋಡಿದ್ರಾ?"

"ಮೇಸ್ತ್ರಿ ಹೇಳಿದ್ರು."

"ಮೇಸ್ತ್ರಿ ಹೇಳಿದ್ದು ಮೇಸ್ತ್ರಿಗಾಯ್ತು. ನೀವು ನೋಡಿ ಬನ್ನಿ."

ಅಂದಿನ ಮೇಲಧಿಕಾರಿ ಹಾರಾಡಿದರು. ಬೀಗ ಒಡೆಯಲು ಸುತ್ತಿಗೆ ತರಿಸಿದರು. ಅವನು ಜಗಳವಾಡಲಿಲ್ಲ. ಕುರ್ಚಿಯೊಂದನ್ನು ಎಳೆದು ತಂದು ಹಿಡಿಕೆಗೆ ಅಡ್ಡವಾಗಿ ಹಾಕಿಕೊಂಡು, ಊಟದ ಡಬ್ಬಿ ಬಿಚ್ಚಿದ. ಉಣ್ಣುವವನನ್ನು ಎಬ್ಬಿಸಿ ಎಳೆದು ಹಾಕುವಷ್ಟು ಕೆಟ್ಟವರಾಗಿರಲಿಲ್ಲ ಆ ಅಧಿಕಾರಿ. ಅವನು ಒಂದೂವರೆ ಗಂಟೆ ಉಂಡ.

ಎರಡೂವರೆಗೆ ಫೋನು ಬಂತು. ಆ ಕಡೆಯ ಹುಡುಗನೇ. "ಆರು ಜನ ಕೆಳಗೆ. ಒಬ್ಬ ಮೇಲೆ. ಹದಿನಾಲ್ಕನೇ ಗೋಪುರ. ಇಳಿದು ಮತ್ತೆ ಹತ್ತೋದು ಯಾರು ಅಂತ ಬೆಲ್ಟು ಕಟ್ಟಿಕೊಂಡು ಅಲ್ಲೇ ನಿದ್ದೆ ಮಾಡ್ತಿದ್ದ."

"ಆರು ಕೆಳಗೆ. ಒಬ್ಬ ಮೇಲೆ. ಹದಿನಾಲ್ಕನೇ ಗೋಪುರ."

"ಸರಿ," ಎಂದ ಹುಡುಗ. ಈ ಕಡೆಯವನು ಬೈಯಲಿಲ್ಲ, ಬುದ್ಧಿ ಹೇಳಲಿಲ್ಲ, ಎಲ್ಲಿಗೂ ಬರೆದು ಕಳಿಸಲೂ ಇಲ್ಲ.

ಆ ಹುಡುಗನಿಗೆ ಈಗ ತಲೆ ಅರ್ಧ ನರೆತಿತ್ತು. ಬೆಟ್ಟ ಇಳಿದು ಬರುತ್ತಿದ್ದವರು ಅವರೇ.

*

ಮೂರು ಗಂಟೆಗೆ ಬಂದರು. ಸಣಕಲು ಮನುಷ್ಯ, ಒಗೆದು ಒಗೆದು ತೆಳುವಾದ ಅಂಗಿ, ಒರೆಸಿ ಹೊಳೆಯಿಸಿದ ಬೂಟು. ಬೂಟು ಬಿಚ್ಚಿಟ್ಟು ಒಳಗೆ ಬಂದು ಮಂಚದ ಬಳಿ ನಿಂತರು. ಬಹಳ ಹೊತ್ತು ನಿಂತರು. ಎಂಜಿನಿಯರು ಪೆನ್ನಿನ ಮುಚ್ಚಳ ತೆಗೆದು ಚಾಚಿದರು.

"ನನಗೆ ಗೊತ್ತಾಗ್ತಿಲ್ಲ," ಎಂದರು ಆ ಕಡೆಯವರು.

"ಏನು?"

"ಇವರು ಅವರೇನಾ ಅಂತ. ನಾನು ಅವರನ್ನ ನೋಡೇ ಇಲ್ಲ."

ಕೋಣೆಯಲ್ಲಿ ಯಾರೋ ಕೆಮ್ಮಿದರು. ಎಂಜಿನಿಯರ ಕಿವಿ ಕೆಂಪಾಯಿತು. "ಇಪ್ಪತ್ತೆರಡು ವರ್ಷದಿಂದ ದಿನಾ ಮಾತಾಡಿದೀರಿ ಸಾರ್!"

"ಗಂಟೆಗೊಂದು ಸಲ. ಈ ಭೂಮಿ ಮೇಲೆ ನಾನು ಇಷ್ಟು ಮಾತಾಡಿದ ಇನ್ನೊಬ್ಬ ಮನುಷ್ಯ ಇಲ್ಲ. ನನ್ನ ಹೆಂಡತಿಗೆ ಈ ವಿಷಯದಲ್ಲಿ ಬೇಜಾರಿದೆ. ಆದ್ರೆ ಮುಖ ನೋಡಿಲ್ಲ. ಅವರಿಗೆ ಪಾಳಿ ಇದ್ದಾಗ ನನಗೂ ಇರ್ತಿತ್ತು. ನಾನು ಇಲ್ಲಿಗೆ ಬಂದ್ರೆ ಅಲ್ಲಿ ಅವರ ಜೊತೆ ಮಾತಾಡೋರು ಯಾರು?"

"ಗುರುತಿನ ಕಾರ್ಡಿದೆ, ಫೋಟೋ ನೋಡಿ." ಎಂಜಿನಿಯರು ಗೋಡೆಯ ಮೊಳೆಯಲ್ಲಿದ್ದ ಕಾರ್ಡನ್ನು ಕಿತ್ತು ತಂದರು.

ಆ ಕಡೆಯವರು ಕಾರ್ಡನ್ನೂ ಶವವನ್ನೂ ಶ್ರದ್ಧೆಯಿಂದ ಹೋಲಿಸಿದರು. "ಕಾರ್ಡಿನವರು ಇವರೇ. ಒಪ್ಪಿದೆ. ಫೋನಿನವರು ಇವರೇ ಅಂತ ಆಗ್ಲಿಲ್ಲ."

"ನಾವೆಲ್ಲ ಹೇಳ್ತಿದೀವಲ್ರೀ!" ಎಂದ ಅಣ್ಣ.

"ಹೇಳ್ತಿದೀರಿ. ಆವತ್ತು ಮೇಸ್ತ್ರಿನೂ ಹೇಳಿದ್ದ." ಅವರ ದನಿಯಲ್ಲಿ ಹಟವಿರಲಿಲ್ಲ, ಸಂಕಟವಿತ್ತು. "ಏಳನೆಯವನಿಗೆ ಈಗ ಮೊಮ್ಮಕ್ಕಳಿದಾರೆ. ಅವನನ್ನ ದಾರೀಲಿ ಕಂಡಾಗಲೆಲ್ಲ ನನ್ನ ಕಾಲು ತಣ್ಣಗಾಗುತ್ತೆ. ಬಲ್ಲೆ ಅಂತ, ಕಣ್ಣಾರೆ ಗುರುತಿಸಿದೆ ಅಂತ ನಾನು ಸುಳ್ಳು ಸಹಿ ಹಾಕಿದ್ರೆ... ಬೇರೆ ಯಾರ ಬೀಗಕ್ಕಾದ್ರೂ ಹಾಕ್ತಿದ್ದೆನೋ ಏನೋ. ಅವರದಕ್ಕೆ ಆಗಲ್ಲ."

"ದನಿ ಕೇಳಿದ್ರೆ?" ಎಂದಳು ಮಗಳು. "ಫೋನಿನ ಮಾತೆಲ್ಲ ರೆಕಾರ್ಡ್ ಆಗುತ್ತಲ್ಲ?"

"ಅದು ಕೇಂದ್ರ ಕಚೇರೀಲಿ," ಎಂಜಿನಿಯರು ನಿಟ್ಟುಸಿರಿಟ್ಟರು. "ತರಿಸೋಕೆ ಅರ್ಜಿ, ಮೂರು ದಿನ. ಬೀಗ ಒಡೆಯೋಕೆ ಅಪ್ಪಣೆನೂ ಮೂರು ದಿನ."

"ನನ್ನ ದನಿ ಅವನ ಥರಾನೇ," ಎಂದ ಅಣ್ಣ ಇದ್ದಕ್ಕಿದ್ದಂತೆ. "ಫೋನಲ್ಲಿ ಮನೆಯವರೇ ಮೋಸ ಹೋಗೋರು. ಏನು ಹೇಳ್ಬೇಕು ಹೇಳಿ."

ಆ ಕಡೆಯವರು ಕಣ್ಣು ಮುಚ್ಚಿದರು. "ಅವರು ದಿನಾ ಹೇಳ್ತಿದ್ದ ಅಂಕಿ: ಐವತ್ತು ಬಿಂದು ಸೊನ್ನೆ ಎರಡು. ಅನ್ನಿ."

ದರ್ಜಿ ಗಂಟಲು ಸರಿಮಾಡಿಕೊಂಡು, ಸತ್ತ ತಮ್ಮನ ಪಕ್ಕ ನಿಂತು, ಗಂಭೀರವಾಗಿ ಹೇಳಿದ: "ಐವತ್ತು ಬಿಂದು ಸೊನ್ನೆ ಎರಡು."

ಎಲ್ಲರೂ ಆ ಮುಚ್ಚಿದ ಕಣ್ಣುಗಳನ್ನೇ ನೋಡಿದರು. ಅವು ತೆರೆದಾಗ ಒದ್ದೆಯಾಗಿದ್ದವು.

"ತುಂಬಾ ಹತ್ತಿರ ಇದೆ," ಎಂದರು. "ಆದ್ರೆ ನೀವು ಬದುಕಿದೀರಿ."

ಹೊರಗೆ ಚಾಲಕ ಹಾರ್ನ್ ಹೊಡೆದ, ಮೆಲ್ಲಗೆ, ಮರ್ಯಾದೆಯಿಂದ.

*

ಹೆಂಡತಿ ಈ ತಮಾಷೆಯನ್ನೆಲ್ಲ ದೂರದಿಂದ ನೋಡುತ್ತಿದ್ದಳು. ಒಪ್ಪಿಸುವುದೆಂದರೇನು ಎಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಮದುವೆಯಾದ ಹೊಸತರಲ್ಲಿ "ಬರುವಾಗ ಸಾಬೂನು ತನ್ನಿ" ಎಂದರೆ, "ಬರುವಾಗ ಸಾಬೂನು. ತರ್ತೀನಿ," ಎಂದು ಒಪ್ಪಿಸಿ, ಬಾಗಿಲಲ್ಲಿ ನಿಂತು ಕಾಯುತ್ತಿದ್ದ. ಅವಳು "ಸರಿ" ಎನ್ನುವ ತನಕ ಹೊರಡುತ್ತಿರಲಿಲ್ಲ. ಮೊದಲು ನಗು ಬರುತ್ತಿತ್ತು, ಆಮೇಲೆ ಸಿಟ್ಟು, ಆಮೇಲೆ ಅಭ್ಯಾಸ.

ಹತ್ತೊಂಬತ್ತು ವರ್ಷದ ಹಿಂದೆ ಒಂದು ಚಳಿಗಾಲದಲ್ಲಿ ಅವರ ಹಿರಿಯ ಮಗ ನಾಲ್ಕು ದಿನದ ಜ್ವರದಲ್ಲಿ ಹೋದ. ಏಳು ವರ್ಷ. ಮಗಳಿಗೆ ಆಗ ಮೂರು. ಎಂಟನೆಯ ದಿನ ಬೆಳಗ್ಗೆ ನೋಡಿದರೆ ಗಂಡ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಶೂ ಕಟ್ಟುತ್ತಿದ್ದ.

"ಇವತ್ತೂ ಹೋಗ್ತೀರಾ?" ಎಂದಳು.

"ಇವತ್ತೂ ಹೋಗ್ತೀನಿ," ಎಂದ. ಬಾಗಿಲಲ್ಲಿ ನಿಂತ. ಕಾದ.

ಅವಳು 'ಸರಿ' ಅನ್ನಲಿಲ್ಲ. ಅವನು ಐದು ನಿಮಿಷ ಕಾದು, ತಲೆ ತಗ್ಗಿಸಿ ಹೋದ. ಅಂದಿನಿಂದ ಅವಳು ಆ ಮಾತನ್ನು ಅವನಿಗೆ ಹೇಳಿದ್ದೇ ಇಲ್ಲ. ಅವನು ಮಗನ ಹೆಸರೆತ್ತಿದ್ದೂ ಇಲ್ಲ. ಸಾಬೂನು ಬಂತು, ಸಕ್ಕರೆ ಬಂತು, ಮಗಳು ದೊಡ್ಡವಳಾದಳು. ಎರಡು ತಟ್ಟೆ, ಎರಡು ಲೋಟ, ಒಂದು ಸಂಸಾರ. ಹೊರಗಿನವರು ಯಾರಿಗೂ ಏನೂ ಕಾಣುತ್ತಿರಲಿಲ್ಲ.

*

ಆ ಕಡೆಯವರು ಹಿತ್ತಲ ಮೆಟ್ಟಿಲ ಮೇಲೆ ಕೂತಿದ್ದರು. ಅವಳು ಒಂದು ಲೋಟ ಚಹಾ ತಂದು ಪಕ್ಕದಲ್ಲಿಟ್ಟಳು.

"ಕ್ಷಮಿಸಿ ಅಮ್ಮ. ನಿಮ್ಮ ಮನೆ ಸಾವಿನಲ್ಲಿ ನಂದೊಂದು ರಗಳೆ."

"ಇಪ್ಪತ್ತೆರಡು ವರ್ಷ ಏನು ಮಾತಾಡಿದ್ರಿ?" ಎಂದಳು. ಅವಳ ದನಿ ನೆಟ್ಟಗಿರಲಿಲ್ಲ. "ನನ್ನ ಹತ್ತಿರ ಅವರು ಅಷ್ಟು ಮಾತಾಡ್ಲಿಲ್ಲ."

"ಅಂಕಿ. ಬರೀ ಅಂಕಿ. ಎಷ್ಟು ಕರೆಂಟು ಹರೀತಿದೆ, ಯಂತ್ರ ಎಷ್ಟು ವೇಗದಲ್ಲಿ ತಿರುಗ್ತಿದೆ. ರೆಕಾರ್ಡ್ ಆಗುತ್ತಲ್ಲ, ಚೆನ್ನಾಗಿದೀರಾ ಅಂತಲೂ ಕೇಳೋ ಹಾಗಿಲ್ಲ." ಲೋಟವನ್ನು ಎರಡೂ ಕೈಯಲ್ಲಿ ಹಿಡಿದರು. "ಆದ್ರೂ ಗೊತ್ತಾಗುತ್ತೆ. ಶೀತ ಆಗಿದ್ರೆ ಗೊತ್ತಾಗೋದು. ನಿದ್ದೆ ಕೆಟ್ಟಿದ್ರೆ 'ಐವತ್ತು' ಅನ್ನೋದು ಸ್ವಲ್ಪ ಉದ್ದ ಆಗೋದು. ಸೆಕೆಂಡು ತಪ್ಪಿದವರಲ್ಲ. ನಾವು ಅವರ ಫೋನು ಬಂದಾಗ ಗಡಿಯಾರ ಸರಿ ಮಾಡ್ಕೋತಿದ್ವಿ. ಒಂಬತ್ತು ಗಂಟೆದು ಒಂದು ಬಿಟ್ಟು."

"ಒಂಬತ್ತಕ್ಕೇನು?"

"ಬೆಳಗ್ಗೆ ಒಂಬತ್ತರದು ಯಾವಾಗಲೂ ಒಂದು ನಿಮಿಷ ತಡ. ಫೋನು ಸರಿಯಾಗಿ ಒಂಬತ್ತಕ್ಕೇ ಮಾಡೋರು, ಆದ್ರೆ ಮಾತಾಡ್ತಿರಲಿಲ್ಲ. ಅವರ ಹಿಂದೆ ಎಲ್ಲೋ ಒಂದು ಗಂಟೆ ಹೊಡೀತಿರೋದು ಕೇಳಿಸೋದು. ಅದು ಪೂರ್ತಿ ನಿಂತ ಮೇಲೆ, ಇನ್ನೂ ಸ್ವಲ್ಪ ಹೊತ್ತು ಬಿಟ್ಟು, ಅಂಕಿ ಹೇಳೋರು. ಮೊದಮೊದಲು ಆಗ ಬರ್ತಿದ್ದ ದನಿ... ಅದು ಅವರದಲ್ಲ ಅನ್ನಿಸ್ತಿತ್ತು. ನಾನೂ ಸುಮ್ಮನೆ ಫೋನು ಹಿಡ್ಕೊಂಡು ಕೂತಿರ್ತಿದ್ದೆ. ಭಾನುವಾರ, ರಜೆ ದಿನ ತಡ ಇಲ್ಲ. ನಮ್ಮ ಸಾಹೇಬರು ಒಂದು ಸಲ ಕಾರಣ ಕೇಳಿದ್ರು. 'ಎರಡು ಕಡೆ ಗಡಿಯಾರದಲ್ಲಿ ವ್ಯತ್ಯಾಸ' ಅಂತ ಬರೆದುಕೊಟ್ಟೆ."

ಅವಳು ಮೆಟ್ಟಿಲ ಮೇಲೆ ಕೂತುಬಿಟ್ಟಳು.

"ಯಾವಾಗಿಂದ?"

"ಹತ್ತೊಂಬತ್ತು ವರ್ಷ ಆಯ್ತು. ಒಂದು ಚಳಿಗಾಲದಲ್ಲಿ ಒಂದು ವಾರ ಅವರು ಬರಲಿಲ್ಲ. ಬಂದ ದಿನದಿಂದ ಹಾಗೆ." ಆ ಕಡೆಯವರು ಅವಳ ಕಡೆ ತಿರುಗಿದರು. "ಅಲ್ಲಿ ಹತ್ತಿರ ಗಂಟೆ ಏನಾದ್ರೂ ಇದೆಯಾ ಅಮ್ಮ?"

"ಶಾಲೆ ಇದೆ," ಎಂದಳು. "ಅವರ ಕಿಟಕಿಗೇ ಕಾಂಪೌಂಡು. ನಮ್ಮ ಹುಡುಗ ಎರಡನೇ ಕ್ಲಾಸು, ಅಲ್ಲಿ."

ಅವರು ಏನೂ ಕೇಳಲಿಲ್ಲ. ಕೇಳದೆ ಇರುವುದರಲ್ಲಿ ಅವರಿಗೆ ದೊಡ್ಡ ಅನುಭವವಿತ್ತು. ಇಬ್ಬರೂ ಹಿತ್ತಲ ಗೋಡೆಯನ್ನು ನೋಡುತ್ತಾ ಕೂತರು. ಚಹಾ ಕೆನೆಗಟ್ಟಿತು. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು, ಮತ್ತೆ ಒರೆಸಿಕೊಂಡಳು.

ಎದ್ದು ಒಳಗೆ ಬಂದ ಆ ಕಡೆಯವರು ಮಂಚದ ಪಕ್ಕ ಮಂಡಿಯೂರಿದರು. ಈ ಸಲ ಗುರುತು ಹುಡುಕುವವರ ಹಾಗೆ ನೋಡಲಿಲ್ಲ.

"ಇವರೇ," ಎಂದರು.

ಎಂಜಿನಿಯರು ಹಾರಿ ಬಂದು ನಮೂನೆ ಹಿಡಿದರು. "ಗುರುತಿಸಿದ ಬಗೆ ಅಂತ ಇದೆ ನೋಡಿ, ಅಲ್ಲಿ 'ಮುಖ ನೋಡಿ' ಅಂತ ಬರೀರಿ."

ಅವರು ಬರೆದರು. ಎಂಜಿನಿಯರು ಓದಿ, ಬಾಯಿ ತೆರೆದು, ಮುಚ್ಚಿ, ಕಾಗದವನ್ನು ಮಡಚಿ ಕೀಲಿಯಿದ್ದ ಜೇಬಿಗೇ ಹಾಕಿಕೊಂಡರು. ಅಲ್ಲಿ ಬರೆದದ್ದು ಇಷ್ಟೇ: 'ಒಂಬತ್ತು ಗಂಟೆ ಒಂದು ನಿಮಿಷ.'

"ಹೊರಡೋಣವೇನಮ್ಮ?" ಎಂದ ಅಣ್ಣ.

ಅವಳು ಗಂಡನ ಮುಖದ ಮೇಲೆ ಬಗ್ಗಿದಳು. "ಸರಿ," ಎಂದಳು.

ತನಗೇ ಹೇಳಿದಳೆಂದುಕೊಂಡು ಅಣ್ಣ ಹೆಗಲು ಕೊಟ್ಟ.

*

ಮಣ್ಣು ಮಾಡಿ ಮುಗಿದಾಗ ಐದೂ ಮುಕ್ಕಾಲು. ಜೀಪಿನ ಬಾಗಿಲು ಹಿಡಿದು ನಿಂತಿದ್ದ ಎಂಜಿನಿಯರ ಹತ್ತಿರ ಅವಳು ಬಂದಳು.

"ನಾನೂ ಬರ್ತೀನಿ. ಅವರು ಕೂರ್ತಿದ್ದ ಜಾಗ ನೋಡ್ಬೇಕು."

"ಹೊರಗಿನವರಿಗೆ ಪ್ರವೇಶ..." ಎಂದು ಶುರುಮಾಡಿದ ಎಂಜಿನಿಯರಿಗೆ ಆ ದಿನಕ್ಕೆ ನಿಯಮ ಸಾಕಾಗಿತ್ತು. "ಹತ್ತಿ ಅಮ್ಮ."

ನಿಯಂತ್ರಣ ಕೊಠಡಿ ಅವಳು ಅಂದುಕೊಂಡದ್ದಕ್ಕಿಂತ ಚಿಕ್ಕದಿತ್ತು. ಬೂದುಬಣ್ಣದ ಕಪಾಟುಗಳ ಸಾಲು, ಒಂದು ಮೇಜು, ಒಂದು ಕಪ್ಪು ಫೋನು, ಒಂದು ಕಿಟಕಿ. ಕಿಟಕಿಯಾಚೆ ಶಾಲೆಯ ಅಂಗಳ ಖಾಲಿಯಿತ್ತು. ಅವಳು ಅಲ್ಲೇ ನಿಂತಳು.

ಎಂಜಿನಿಯರು ಹೊರಗಿದ್ದ ಸ್ವಿಚ್ಚಿನ ಬೀಗ ತೆಗೆದು ಬಂದರು. ಆ ಕಡೆಯವರು ಫೋನೆತ್ತಿ ತಮ್ಮದೇ ನಿಲ್ದಾಣಕ್ಕೆ ಹೇಳಬೇಕಾದ್ದನ್ನು ಹೇಳಿದರು. ಅಲ್ಲಿಂದ ಲೈನಿಗೆ ಜೀವ ಬಂತು. ಈಗ ಉಳಿದದ್ದು ಸೇರಿಸುವುದು.

"ಸೇರಿಸೋ ಈ ಹಿಡಿಕೆ ನ್ಯಾಯವಾಗಿ ನಾನು ತಿರುಗಿಸ್ಬೇಕು," ಎಂದರು ಎಂಜಿನಿಯರು ಆ ಕಡೆಯವರಿಗೆ. "ನೀವೇ ತಿರುಗಿಸಿ. ಇದಕ್ಕೆ ನಮೂನೆ ಇಲ್ಲ."

ಗೋಡೆಯ ಮೇಲೆ ತಟ್ಟೆಯಗಲದ ಒಂದು ಮಾಪಕ. ಅದರಲ್ಲಿ ಒಂದೇ ಮುಳ್ಳು. ಶನಿವಾರದಿಂದ ಎರಡು ಜಾಲಗಳೂ ತಮ್ಮ ತಮ್ಮ ಪಾಡಿಗೆ ತಿರುಗಿದ್ದವು, ಒಂದು ಕೂದಲೆಳೆಯಷ್ಟು ಮುಂದೆ, ಇನ್ನೊಂದು ಹಿಂದೆ. ಆ ವ್ಯತ್ಯಾಸವೇ ಮುಳ್ಳಾಗಿ ಸುತ್ತುತ್ತದೆ. ಮುಳ್ಳು ನೆತ್ತಿಗೆ ಬಂದ ಗಳಿಗೆಯಲ್ಲಿ ಎರಡರ ಹೆಜ್ಜೆಯೂ ಒಂದಾಗಿರುತ್ತದೆ. ಆಗ ಹಿಡಿಕೆ ತಿರುಗಿಸಿದರೆ ಎರಡು ಊರು ಒಂದೇ ಯಂತ್ರವಾಗುತ್ತವೆ, ಯಾರ ಮನೆಯ ದೀಪಕ್ಕೂ ಗೊತ್ತಾಗದ ಹಾಗೆ. ತಪ್ಪಿದರೆ ಇನ್ನೊಂದು ಸುತ್ತು ಕಾಯಬೇಕು. ಒಂದು ಸಲ ಸೇರಿತೆಂದರೆ ಕೆಲಸ ಮುಗಿಯಿತು. ರಿಜಿಸ್ಟರಿನಲ್ಲಿ ಸತ್ತವನು ಶನಿವಾರ ಬರೆದಿಟ್ಟ ತನ್ನ ಹೆಸರಿನ ಮುಂದೆ 'ಪೂರ್ಣ' ಎಂದು ಬೀಳುತ್ತದೆ.

ಆರು ಗಂಟೆ ಹದಿನೆಂಟು ನಿಮಿಷ. ಮುಳ್ಳು ನಿಧಾನವಾಗಿ ಏರಿ ನೆತ್ತಿಗೆ ಬಂತು. ಆ ಕಡೆಯವರ ಕೈ ಹಿಡಿಕೆಯ ಮೇಲಿತ್ತು, ಅಲ್ಲಾಡಲಿಲ್ಲ. ಮುಳ್ಳು ಬಲಕ್ಕೆ ಇಳಿಯಿತು.

ಎರಡನೆಯ ಸುತ್ತು. ನೆತ್ತಿ. ಇಳಿಯಿತು.

"ಏನಾದ್ರೂ ತೊಂದರೆನಾ?" ಎಂದರು ಎಂಜಿನಿಯರು.

"ಏನಿಲ್ಲ. ಸ್ವಲ್ಪ ಜೋರಾಗಿ ತಿರುಗ್ತಿದೆ."

ಜೋರಾಗಿ ತಿರುಗುತ್ತಿರಲಿಲ್ಲ. ಅಷ್ಟು ಸಾವಧಾನದ ಮುಳ್ಳನ್ನು ಎಂಜಿನಿಯರು ತಮ್ಮ ನೌಕರಿಯಲ್ಲೇ ಕಂಡಿರಲಿಲ್ಲ. ಬೆಳಗ್ಗಿನಿಂದ ಗಡಿಯಾರ ನೋಡುತ್ತಲೇ ಇದ್ದ ಮನುಷ್ಯ ಗಡಿಯಾರವಿದ್ದ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ಮೂರನೆಯ ಸುತ್ತೂ ನೆತ್ತಿ ದಾಟಿ ಇಳಿಯಿತು.

ಅವಳು ಕಿಟಕಿ ಬಿಟ್ಟು ಬಂದು ಆ ಕಡೆಯವರ ಪಕ್ಕದಲ್ಲಿ ನಿಂತು ಮೇಲೆ ನೋಡಿದಳು. ಮುಳ್ಳು ತಳಕ್ಕೆ ಇಳಿದು, ಎಡಗಡೆಯಿಂದ ಮತ್ತೆ ಏರತೊಡಗಿತ್ತು. ಈ ಸಲ ಅವರು ಹಿಡಿಕೆಯ ಮೇಲೆ ಎರಡನೆಯ ಕೈಯನ್ನೂ ಇಟ್ಟರು.